ಮೇನೆಯೇರಿ ಬಂದ ವೋಟು

“ಜೀವಮಾನವೆಲ್ಲ ಮೇಲೆ ಹೋಗಿದ್ದೇ ಹೋಗಿದ್ದು, ಆದರೂ ಇರೋದು ಮೆಟ್ಟಿಲ ಕೆಳಗೇ! ಯಾಕೆ ಗೊತ್ತೇನಯ್ಯಾ? ನಿನಗೆ ತಲೆ ಅನ್ನೋದಿಲ್ಲ. ಇರೋದು ಒಂದೇ ಒಂದು ಬೆರಳು. ಅದನ್ನೂ ನೆಟ್ಟಗೆ ಒತ್ತೋಕೆ ಬರಲ್ಲ.”

ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ ಈ ಮಾತನ್ನು ಲಿಫ್ಟಿನವನನ್ನು ಮೂಲೆಗೆ ಕರೆದು ಹೇಳಲಿಲ್ಲ. ಬೆಳಿಗ್ಗೆ ಜನ ಕೆಲಸಕ್ಕೆ ಹೊರಡುವ ಹೊತ್ತು. ಕೆಳಗಿನ ಹಜಾರದಲ್ಲಿ ಅರ್ಧ ಕಟ್ಟಡವೇ ಚೀಲ, ಬುತ್ತಿ ಹಿಡಿದು ನಿಂತಿತ್ತು. ಕೆಲವರು ನಕ್ಕರು. ಕೆಲವರು ನಗದೆ ಗಡಿಯಾರ ನೋಡಿಕೊಂಡರು. ನಗದವರ ಮುಖದಲ್ಲೇ ಖುಷಿ ಜಾಸ್ತಿ ಇತ್ತು.

ಲಿಫ್ಟಿನವನು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ದೊಡ್ಡವರು ಬೈಯುವಾಗ ಚಿಕ್ಕವರಿಗೆ ಕಿವಿ ಇರಬೇಕು, ಬಾಯಿ ಇರಬಾರದು. ಇದನ್ನು ಯಾರೂ ಗೋಡೆಗೆ ಬರೆದು ಅಂಟಿಸುವುದಿಲ್ಲ. ಆದರೆ ಗೋಡೆಗೆ ಅಂಟಿಸಿದ ಉಳಿದ ನಿಯಮಗಳನ್ನು ಮುರಿದಷ್ಟು ಸಲೀಸಾಗಿ ಇದನ್ನು ಯಾರೂ ಮುರಿಯುವುದಿಲ್ಲ.

ಅಸಲಿಗೆ ಲಿಫ್ಟು ಕೆಡಿಸಿದ್ದು ಕಾರ್ಯದರ್ಶಿಯ ಛತ್ರಿ. ಜಾಲರಿ ಬಾಗಿಲಿನ ಹಳೇ ಲಿಫ್ಟು ಅದು. ಬಾಗಿಲು ಮುಚ್ಚುತ್ತಿದ್ದಾಗ ಕಾರ್ಯದರ್ಶಿ ಓಡೋಡಿ ಬಂದು ಛತ್ರಿ ತೂರಿಸಿದರು. ಛತ್ರಿಯ ತುದಿ ಮುರಿದು ಬಾಗಿಲು ಜಾರುವ ಜಾಡಿನೊಳಗೆ ಕೂತಿತು. ಬಾಗಿಲು ಅತ್ತ ಮುಚ್ಚದು, ಇತ್ತ ತೆರೆಯದು. ಲಿಫ್ಟಿನವನು “ಸಾರ್, ಒಂದು ನಿಮಿಷ, ಇಕ್ಕಳ ತರ್ತೀನಿ” ಅನ್ನುವಷ್ಟರಲ್ಲಿ ಕಾರ್ಯದರ್ಶಿ ಅದಕ್ಕೊಂದು ಒದೆ ಕೊಟ್ಟರು. ಮೇಲೆಲ್ಲೋ ಏನೋ ಸುಟ್ಟ ವಾಸನೆ ಬಂತು. ಲಿಫ್ಟು ಉಂಡು ಮಲಗುವ ಮುದುಕನ ಹಾಗೆ ಒಮ್ಮೆ ನರಳಿ ಸುಮ್ಮನಾಯಿತು. ರಿಪೇರಿಯವನಿಗೆ ಫೋನು ಮಾಡಿದರೆ “ನಾಳೆ” ಅಂದ.

“ಇವತ್ತು ಸಂಜೆ ಮೀಟಿಂಗಿನಲ್ಲಿ ಇದೇ ಮೊದಲನೇ ವಿಷಯ,” ಅಂದರು ಕಾರ್ಯದರ್ಶಿ, ಮುರಿದ ಛತ್ರಿಯನ್ನೇ ಸಾಕ್ಷಿಯ ಹಾಗೆ ಎತ್ತಿ ಹಿಡಿದು. “ತಾನೇ ಓಡೋ ಹೊಸ ಲಿಫ್ಟು ಹಾಕಿಸೋಣ. ಬಟನ್ ಒತ್ತೋಕೆ ಒಬ್ಬ ಮನುಷ್ಯ, ಆ ಮನುಷ್ಯನಿಗೆ ಒಂದು ಕೋಣೆ, ಆ ಕೋಣೆಗೆ ಒಂದು ದೀಪ! ಸಾಕು ಈ ದರ್ಬಾರು.”

ಕೋಣೆ ಅಂದದ್ದು ಮೆಟ್ಟಿಲ ಕೆಳಗಿನ ಓರೆ ಚಾವಣಿಯ ಗೂಡಿಗೆ. ಲಿಫ್ಟಿನವನೂ ಅವನ ಹೆಂಡತಿಯೂ ಅಲ್ಲಿದ್ದರು. ಒಂದು ಕಡೆ ನೆಟ್ಟಗೆ ನಿಲ್ಲಬಹುದು, ಇನ್ನೊಂದು ಕಡೆ ಮಲಗಬಹುದು. ಮೇಲೆ ಯಾರು ಇಳಿದರೂ ಇವರ ತಲೆಯ ಮೇಲೇ ಇಳಿದ ಹಾಗೆ ಕೇಳಿಸುತ್ತಿತ್ತು. ಆದರೂ ಅದು ಮನೆ. ಕೆಲಸ ಹೋದರೆ ಮನೆಯೂ ಹೋಯಿತು.

ಹೆಂಡತಿ ಒಲೆಯ ಮುಂದೆ ಕೂತೇ ಎಲ್ಲ ಕೇಳಿಸಿಕೊಂಡಿದ್ದಳು. ಗಂಡ ಒಳಗೆ ಬಂದ ಕೂಡಲೇ ಬೆರಳು ಮಡಚತೊಡಗಿದಳು.

“ಹಲ್ಲಿನ ಡಾಕ್ಟರು ನಮ್ಮ ಕಡೆ. ಇತಿಹಾಸದ ಮೇಷ್ಟ್ರು ನಮ್ಮ ಕಡೆ. ಎರಡನೇ ಮಹಡಿ ಅಕ್ಕ, ನಾಲ್ಕನೇ ಮಹಡಿ ದರ್ಜಿ. ನಾಲ್ಕಾಯ್ತು. ಕಾರ್ಯದರ್ಶಿ ಕಡೆ?”

“ಅವರೂ ನಾಲ್ಕೇ.”

“ಸಮ ಬಂದ್ರೆ?”

“ಸಮ ಬಂದ್ರೆ ಕಾರ್ಯದರ್ಶಿ ಹೇಳಿದ್ದೇ ಆಗುತ್ತೆ. ಇನ್ಯಾವಾಗ ಬೇರೆ ಆಗಿದೆ?”

“ಹಾಗಾದ್ರೆ ಉಳಿದಿದ್ದು ಐದನೇ ಮಹಡಿ ಅಜ್ಜಿ. ಅಜ್ಜಿ ನಮ್ಮೋರೇ. ಮೊನ್ನೆ ತಾನೇ ಅಂದ್ರು, ‘ನಿನ್ನ ಗಂಡ ಇಲ್ದಿದ್ರೆ ನಾನು ಗೋಡೆ ಮೇಲಿನ ಕ್ಯಾಲೆಂಡರ್ ಥರ ಇಲ್ಲೇ ನೇತಾಡ್ತಿದ್ದೆ’ ಅಂತ.”

ಅಷ್ಟು ಹೇಳಿ, ಮಡಚಿದ ಐದನೇ ಬೆರಳನ್ನು ಅವಳೇ ಮತ್ತೆ ಬಿಡಿಸಿದಳು. ಅಜ್ಜಿಗೆ ಮಂಡಿ ಹೋಗಿತ್ತು. ಲಿಫ್ಟಿಲ್ಲದೆ ಒಂದು ಮೆಟ್ಟಿಲೂ ಇಳಿಯಲಾರರು. ಮೀಟಿಂಗಿಗೆ ಬಂದು ಕೂತವರಿಗೆ ಮಾತ್ರ ವೋಟು.

ಲಿಫ್ಟಿನವನು ಕಾರ್ಯದರ್ಶಿಯ ಬಾಗಿಲು ತಟ್ಟಿ, ಮೀಟಿಂಗನ್ನು ಒಂದು ದಿನ ಮುಂದಕ್ಕೆ ಹಾಕಬಹುದೇ ಎಂದು ಕೇಳಿದ.

“ಅಜ್ಜಿಗೆ ಮಂಡಿನೋವು ಅಂತ ಸಂಘಕ್ಕೂ ಮಂಡಿನೋವೇ?” ಎಂದು ಬಾಗಿಲು ಮುಚ್ಚಿತು.

*

ಅಜ್ಜಿಯನ್ನು ಬೆನ್ನ ಮೇಲೆ ಹೊರುವ ಯೋಚನೆ ಹುಟ್ಟಿದಲ್ಲೇ ಸತ್ತಿತು. ಅಜ್ಜಿ ಸಣ್ಣ ಆಳಲ್ಲ. ಅವರು ಕೂತರೆ ಸೋಫಾ ಮಾತಾಡುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಎತ್ತಿದರೆ ಎಂದು ಹೆಂಡತಿ ಹೇಳಿದಳು. ಗೇಟಿನ ಕಾವಲುಗಾರ ಪರೀಕ್ಷೆಗೆಂದು ತಾನೇ ಕೂತು ನೋಡಿದ. ಕುರ್ಚಿಯ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋದವು.

ಈ ಕಾವಲುಗಾರ ಮೊದಲು ಎಲ್ಲೋ ಕವಾಯತು ಮಾಡಿಸುತ್ತಿದ್ದವನು. ಈಗಲೂ ಹಾಲು ತರಲು ಹೋದರೆ ಎಡಗಾಲು ಮುಂದಿಟ್ಟೇ ಹೋಗುತ್ತಿದ್ದ. ಜನ ಅವನನ್ನು ‘ಕವಾಯತು’ ಎಂದೇ ಕರೆಯುತ್ತಿದ್ದರು. ನೆಲದಲ್ಲಿ ಅಂಗಾತ ಬಿದ್ದವನು ಮೇಲೇಳದೆ ಹಾಗೇ ಬೆರಳು ತೋರಿಸಿದ.

“ಲಿಫ್ಟಣ್ಣಾ, ಅದು?”

ಹಜಾರದ ಮೂಲೆಯಲ್ಲಿ ಅದು ನಿಂತಿತ್ತು. ಕುರ್ಚಿ ಎಂದರೆ ಕಡಿಮೆ, ಪಲ್ಲಕ್ಕಿ ಎಂದರೆ ಜಾಸ್ತಿ. ಆಳೆತ್ತರದ ಮರದ ಪೆಟ್ಟಿಗೆ, ಒಳಗೆ ಮೆತ್ತೆಯ ಪೀಠ, ಮುಂದೆ ಗಾಜಿನ ಬಾಗಿಲು, ಎರಡೂ ಪಕ್ಕ ಇಳಿಸಿ ಏರಿಸುವ ಗಾಜಿನ ಕಿಟಕಿ, ಹೊರಮೈಗೆ ಉದುರಿದ ಚಿನ್ನದ ಬಣ್ಣದ ಬಳ್ಳಿಗಳು. ಕಟ್ಟಡ ಕಟ್ಟಿಸಿದ ಮೊದಲ ಯಜಮಾನ ಯಾವುದೋ ಹರಾಜಿನಲ್ಲಿ ತಂದು ಇಟ್ಟದ್ದು. ‘ಪುರಾತನ ವಸ್ತು, ಮುಟ್ಟಬಾರದು’ ಎಂಬ ಹಲಗೆಯೂ ಇತ್ತು. ಆದ್ದರಿಂದ ಎಲ್ಲರೂ ಅದರಲ್ಲಿ ಒದ್ದೆ ಛತ್ರಿ, ಹಳೇ ಪೇಪರು, ಯಾರೂ ಬಿಡಿಸಿಕೊಳ್ಳದ ಪಾರ್ಸೆಲ್ಲು ಇಡುತ್ತಿದ್ದರು. ಮೆತ್ತೆಯ ಮೇಲೆ ಒಂದು ಬೆಕ್ಕು ಖಾಯಂ ವಾಸವಾಗಿತ್ತು.

ಮೇಷ್ಟ್ರು ಇರುವುದು ಮೊದಲನೇ ಮಹಡಿಯಲ್ಲಿ. ಪಾಠ ಕೇಳುವವರು ಎಲ್ಲಾದರೂ ಸಿಕ್ಕಾರು ಎಂದು ನಿವೃತ್ತಿಯಾದಾಗಿನಿಂದ ಹುಡುಕುತ್ತಿದ್ದರು. ಬೆಕ್ಕನ್ನು ಇಳಿಸುವ ಸದ್ದಿಗೆ ಚಪ್ಪಲಿಯನ್ನೂ ಹಾಕದೆ ಬಂದರು.

“ಮೇನೆ! ಮೇನೆ ತೆಗೀತಿದ್ದೀರಾ? ಅಬ್ಬಾ, ಕೊನೆಗೂ ಈ ಕಟ್ಟಡಕ್ಕೆ ಬುದ್ಧಿ ಬಂತು! ಇದು ಏನು ಗೊತ್ತೇನ್ರೋ ನಿಮಗೆ? ಹಿಂದಿನ ಕಾಲದ ಲಿಫ್ಟು!”

ಲಿಫ್ಟಿನವನು ಮೊದಲ ಸಲ ಅದನ್ನು ಸರಿಯಾಗಿ ನೋಡಿದ.

“ಆಗಿನ ಹೊರದೇಶದ ಪಟ್ಟಣಗಳ ಬೀದಿಗಳು ಕಿರಿದು, ಕೆಸರು. ಗಾಡಿ ಹೋಗದು. ದೊಡ್ಡ ಮನುಷ್ಯರ ಕಾಲಿಗೆ ಕೆಸರು ತಾಗಬಾರದು. ಅದಕ್ಕೇ ಹಿಂದೊಬ್ಬ, ಮುಂದೊಬ್ಬ. ಬೀದೀಲಿ ಅಷ್ಟೇ ಅಲ್ಲಯ್ಯಾ, ಮನೆಯೊಳಗೇ ಹೋಗೋದು! ಮೆಟ್ಟಿಲು ಹತ್ತಿಸಿ ಮಲಗೋ ಕೋಣೆಯಲ್ಲೇ ಇಳಿಸ್ತಿದ್ರು. ರೋಗಿಗಳು, ಬಸುರಿಯರು, ಕುಡಿದು ಬಿದ್ದ ಸಾಹುಕಾರರು, ಎಲ್ಲ ಇದರಲ್ಲೇ. ಈ ಮಾಡು ಯಾಕೆ ಮೇಲಕ್ಕೆ ತೆರೆಯುತ್ತೆ ಹೇಳು?”

“ಗೊತ್ತಿಲ್ಲ ಮೇಷ್ಟ್ರೇ.”

“ಹೆಂಗಸರ ತಲೆಗೂದಲು! ಗೋಪುರದ ಹಾಗೆ ಕಟ್ಟಿಕೊಳ್ಳೋರು. ಕೂತರೆ ಮಾಡಿಗೆ ತಾಗೋದು. ಹೊತ್ತವನ ತಲೆ ಏನಾದರೇನು, ಕೂತವಳ ತಲೆ ಕೆಡಬಾರದು.”

“ಮೆಟ್ಟಿಲು ಹತ್ತಿಸ್ತಿದ್ರು ಅಂದ್ರಲ್ಲ. ಇಳಿಸ್ತಾನೂ ಇದ್ರಾ?” ಎಂದು ಲಿಫ್ಟಿನವನು ಕೇಳಿದ.

ಮೇಷ್ಟ್ರು ಈ ಪ್ರಶ್ನೆಗೆ ತಯಾರಿರಲಿಲ್ಲ. “ಹತ್ತಿಸಿದ ಮೇಲೆ ಇಳಿಸಲೇಬೇಕಲ್ಲ” ಅಂದರು.

ಅಲ್ಲಿಗೆ ತೀರ್ಮಾನವಾಯಿತು.

*

ಮೇನೆಯಿತ್ತು, ಹೊರುವ ಕಂಬಗಳಿರಲಿಲ್ಲ. ಪಕ್ಕದ ಕಬ್ಬಿಣದ ಕೊಂಡಿಗಳಲ್ಲಿ ತೂರಿಸಬೇಕಾದ ಆ ಎರಡು ಉದ್ದನೆಯ ಕಂಬಗಳು ಯಾವ ಕಾಲದಿಂದಲೋ ತಾರಸಿಯ ಮೇಲೆ ಎರಡನೇ ಮಹಡಿ ಅಕ್ಕನ ಬಟ್ಟೆ ಒಣಗಿಸುತ್ತಿದ್ದವು. ಅಕ್ಕ ಅಂದೇ ಮನೆಯ ಬಟ್ಟೆಯೆಲ್ಲ ಒಗೆದು ಹಾಕಿದ್ದಳು.

“ನನ್ನ ವೋಟು ನಿನಗೇ ಕಣಪ್ಪಾ. ಆದರೆ ಕಂಬ ಕೊಡಲ್ಲ. ವೋಟು ಉಟ್ಕೊಳ್ಳೋಕಾಗುತ್ತಾ?”

“ಅಕ್ಕಾ, ಸಂಜೆವರೆಗೆ ಮಾತ್ರ.”

“ಸಂಜೆವರೆಗೆ ಬಟ್ಟೆ ಎಲ್ಲಿ ಹಾಕಲಿ? ನಿನ್ನ ತಲೆ ಮೇಲಾ?”

ಕೊನೆಗೆ ಅದೇ ಸರಿಸುಮಾರು ಒಪ್ಪಂದವಾಯಿತು. ಒದ್ದೆ ಬಟ್ಟೆಯನ್ನೆಲ್ಲ ಮೇನೆಯ ಮಾಡಿನ ಮೇಲೆ ಹರವುವುದು. “ಹೇಗೂ ಮೇಲೆ ಕೆಳಗೆ ಗಾಳೀಲಿ ಓಡಾಡುತ್ತಲ್ಲ, ಬೇಗ ಒಣಗುತ್ತೆ” ಅಂದಳು ಅಕ್ಕ. ಚಿನ್ನದ ಬಳ್ಳಿಗಳ ಮೇಲೆ ಟವೆಲ್ಲುಗಳೂ ಎರಡು ದಿಂಬಿನ ಚೀಲಗಳೂ ಒಂದು ಪೈಜಾಮವೂ ಇಳಿಬಿದ್ದವು.

ಹೆಗಲಿಗೆ ಹಾಸಿಗೆ ಸುತ್ತುವ ಪಟ್ಟಿ. ಮುಂದೆ ಲಿಫ್ಟಿನವನು, ಹಿಂದೆ ಕವಾಯತು. ಕಂಬಗಳನ್ನು ಕೈಯಲ್ಲಿ ಹಿಡಿದು ಭಾರವನ್ನು ಪಟ್ಟಿಗೆ ಕೊಟ್ಟು ಎದ್ದರು. ಖಾಲಿ ಪೆಟ್ಟಿಗೆಯೇ ಬೆನ್ನು ಮುರಿಯುವಷ್ಟಿತ್ತು.

“ಎಡ! ಬಲ! ಎಡ! ಬಲ!” ಎಂದು ಕವಾಯತು ಶುರು ಮಾಡಿದ.

ಇಬ್ಬರ ಹೆಜ್ಜೆಯೂ ಒಂದೇ ಅಚ್ಚಿನಲ್ಲಿ ಬಿದ್ದಂತೆ ಕೂಡಿತು. ಮೇನೆ ಮಾತ್ರ ತೊಟ್ಟಿಲಿನ ಹಾಗೆ ಒಮ್ಮೆ ಆ ಗೋಡೆಗೆ, ಒಮ್ಮೆ ಈ ಗೋಡೆಗೆ ಹೋಗಿ ಬರತೊಡಗಿತು. ಪೈಜಾಮ ಹಾರಿ ಮೇಷ್ಟ್ರ ಮುಖಕ್ಕೆ ಬಿತ್ತು.

“ಹೆಜ್ಜೆ ಕೂಡಬಾರದು!” ಎಂದು ಮೇಷ್ಟ್ರು ಪೈಜಾಮದೊಳಗಿಂದಲೇ ಕೂಗಿದರು. “ಮೇನೆ ಹೊರೋರು ಬೇಕಂತಲೇ ಹೆಜ್ಜೆ ತಪ್ಪಿಸಿ ನಡೀತಿದ್ರು. ಮುಂದಿನವನು ಎಡ ಅಂದ್ರೆ ಹಿಂದಿನವನು ಬಲ. ಆಗ ತೂಗಲ್ಲ.”

ಕವಾಯತಿನ ಮುಖ ಕಪ್ಪಿಟ್ಟಿತು. “ಮೇಷ್ಟ್ರೇ, ಹೆಜ್ಜೆ ತಪ್ಪಿದ ಅಂತ ನಾನು ಎಷ್ಟು ಜನರನ್ನ ಬಿಸಿಲಲ್ಲಿ ನಿಲ್ಲಿಸಿದ್ದೀನಿ ಗೊತ್ತಾ? ಈಗ ನಾನೇ ತಪ್ಪಿಸಲಾ?”

“ಒಂದು ದಿನ ತಪ್ಪಿಸೋ ಮಾರಾಯಾ,” ಅಂದ ಲಿಫ್ಟಿನವನು. “ನನ್ನ ಮನೆ ಹೋಗುತ್ತೆ.”

ಕವಾಯತು ಕಣ್ಣು ಮುಚ್ಚಿಕೊಂಡು ತಪ್ಪಿಸಿದ. ಮೇನೆ ನೀರಿನ ಮೇಲಿನ ಎಲೆಯ ಹಾಗೆ ತೇಲಿತು. ಆದರೆ ಕವಾಯತಿನ ಕಾಲುಗಳು ಅವನ ಮಾತು ಕೇಳುವವಲ್ಲ. ಅಷ್ಟು ದೂರ ಹೋಗುವಷ್ಟರಲ್ಲಿ ತಮ್ಮಷ್ಟಕ್ಕೆ ತಾವೇ ಮುಂದಿನವನ ಹೆಜ್ಜೆಗೆ ಕೂಡಿಬಿಡುತ್ತಿದ್ದವು. ಆಗೆಲ್ಲ ಮೇಷ್ಟ್ರು “ಕೂಡಿತು! ಕೂಡಿತು!” ಎಂದು ಬೊಬ್ಬೆ ಹಾಕಬೇಕಿತ್ತು.

ಹೀಗೆ ಐದು ಮಹಡಿ ಹತ್ತಿದರು. ಹತ್ತುವಾಗ ಉದ್ದಕ್ಕೂ ಮೇಷ್ಟ್ರು ಪಾಠ ಮಾಡಿದರು. ಮೇನೆಯವರು ಬೀದಿಯಲ್ಲಿ ‘ದಾರಿ ಬಿಡಿ’ ಎಂದು ಕೂಗುತ್ತಿದ್ದರಂತೆ, ಬಿಡದವರನ್ನು ಚರಂಡಿಗೆ ತಳ್ಳುವ ಹಕ್ಕು ಅವರಿಗಿತ್ತಂತೆ. ಬೀದಿಗಳು ಅಗಲವಾಗಿ ಗಾಡಿಗಳು ಬಂದ ಮೇಲೆ ಮೇನೆಗಳು ಮೂಲೆ ಸೇರಿದವಂತೆ. ಕೆಲವರು ಅದರಲ್ಲಿ ಪಿಂಗಾಣಿ ಪಾತ್ರೆ ಜೋಡಿಸಿದರಂತೆ, ಕೆಲವರು ಟೆಲಿಫೋನು ಇಟ್ಟರಂತೆ.

“ಮತ್ತೆ ಹೊರೋರು?” ಎಂದು ಏದುಸಿರಿನಲ್ಲಿ ಲಿಫ್ಟಿನವನು ಕೇಳಿದ.

“ಯಾರು?”

“ಅದೇ ಮೇಷ್ಟ್ರೇ, ಮೇನೆ ಹೊರ್ತಿದ್ದೋರು. ಮೇನೆ ನಿಂತ ಮೇಲೆ ಅವರು ಎಲ್ಲಿಗೆ ಹೋದ್ರು?”

ಮೇಷ್ಟ್ರು ನಾಲ್ಕನೇ ಮಹಡಿಯ ತಿರುವಿನಲ್ಲಿ ನಿಂತು ಬಹಳ ಯೋಚಿಸಿದರು. ಇವರಿಬ್ಬರೂ ಭಾರ ಹೊತ್ತುಕೊಂಡೇ ಕಾದರು. ಕಡೆಗೆ “ಅದನ್ನ ಯಾರೂ ಬರೆದಿಟ್ಟಿಲ್ಲ ಕಣಯ್ಯಾ” ಅಂದರು.

*

ಅಜ್ಜಿ ಮೆಟ್ಟಿಲ ಮೇಲಿನ ಗಲಾಟೆಯೆಲ್ಲ ಕೇಳಿಸಿಕೊಂಡು ಆಗಲೇ ಹೊಸ ಸೀರೆ ಉಟ್ಟು ಕೂತಿದ್ದರು.

“ಬಂದ್ಯಾ ಮಗಾ? ಇದರಲ್ಲಿ ಕೂರಬೇಕು ಅಂತ ಈ ಕಟ್ಟಡಕ್ಕೆ ಬಂದ ದಿನದಿಂದ ಆಸೆ ನನಗೆ. ಯಾರೂ ಕೂರು ಅನ್ನಲಿಲ್ಲ. ಅದೇನು, ಮೇಲೆ ಪೈಜಾಮ?”

“ಅಕ್ಕಂದು ಅಜ್ಜಿ. ಒಣಗ್ತಿದೆ.”

ಕೂರಿಸುವುದು ಹೇಳಿದಷ್ಟು ಸುಲಭವಿರಲಿಲ್ಲ. ಮೇನೆಯ ಬಾಗಿಲು ಮುಂದೆ, ಎರಡು ಕಂಬಗಳ ನಡುವೆ. ಅಜ್ಜಿ ಆ ನಡುವಿಗಿಂತ ಅಗಲ. ಆದ್ದರಿಂದ ಕಂಬ ಹೊರಗೆಳೆ, ಬಾಗಿಲು ತೆರೆ, ಅಜ್ಜಿಯನ್ನು ಹಿಂದುಮುಂದಾಗಿ ಒಳಗೆ ಕಳಿಸು, ಬಾಗಿಲು ಮುಚ್ಚು, ಮತ್ತೆ ಕಂಬ ತೂರಿಸು. ಇದೆಲ್ಲ ಆಗಿ ಎತ್ತಿದಾಗ ಲಿಫ್ಟಿನವನಿಗೆ ಕಣ್ಣಿಗೆ ಕತ್ತಲೆ ಬಂತು. ಹಿಂದಿನಿಂದ ಕವಾಯತು ಎಡವೂ ಅನ್ನಲಿಲ್ಲ, ಬಲವೂ ಅನ್ನಲಿಲ್ಲ, “ಅಮ್ಮಾ” ಅಂದ.

ಇಳಿಯುವಾಗ ಮುಂದಿನವನ ಮೇಲೇ ಭಾರ. ಮೇನೆ ಮುಂದಕ್ಕೆ ವಾಲಿ ಅಜ್ಜಿ ಜಾರಿ ಬಂದು ಮೂಗು ಬಾಗಿಲ ಗಾಜಿಗೆ ಅಂಟಿತು. ಅದನ್ನು ನೆಟ್ಟಗಿಡಲು ಲಿಫ್ಟಿನವನು ಕಂಬಗಳನ್ನು ಹೆಗಲಿನ ಮಟ್ಟಕ್ಕೆ ಎತ್ತಿ ಹಿಡಿದು ಒಂದೊಂದೇ ಮೆಟ್ಟಿಲು ಕಾಲಲ್ಲಿ ಹುಡುಕುತ್ತಾ ಇಳಿದ. ಅಂಗಿ ಬೆವರಿಗೆ ಬೆನ್ನಿಗಂಟಿತು. ಗಾಜಿನ ಆಚೆ, ಮೊಳದ ದೂರದಲ್ಲಿ, ಅಜ್ಜಿ ಆ ಬೆನ್ನನ್ನೇ ನೋಡುತ್ತಿದ್ದರು. ನೋಡಲು ಬೇರೆ ಏನೂ ಇರಲಿಲ್ಲ.

“ಮಗಾ, ನೀನು ಇಷ್ಟು ಗಟ್ಟಿ ಆಳು ಅಂತ ಗೊತ್ತೇ ಇರಲಿಲ್ಲ!”

“ಸುಮ್ನೆ ಕೂತ್ಕೊಳ್ಳಿ ಅಜ್ಜಿ, ಅಲ್ಲಾಡಬೇಡಿ.”

“ಲಿಫ್ಟಿನಲ್ಲಿ ಸ್ಟೂಲ್ ಮೇಲೆ ಕೂತಾಗ ಒಣಕಲು ಕಡ್ಡಿ ಥರ ಕಾಣ್ತಿದ್ದೆ.”

ಮೂರನೇ ಮಹಡಿಯಲ್ಲಿ ಅಜ್ಜಿ ಕೋಲಿನಿಂದ ಮಾಡಿಗೆ ಕುಟ್ಟಿದರು. “ನಿಲ್ಲಿಸು. ಈ ಮನೆಯವಳು ನನ್ನ ಇಸ್ತ್ರಿ ಪೆಟ್ಟಿಗೆ ತಗೊಂಡು ಹೋಗಿ ಯಾವ ಕಾಲವಾಯ್ತು.”

“ಅಜ್ಜಿ, ಮೀಟಿಂಗಿಗೆ ಹೊತ್ತಾಗುತ್ತೆ!”

“ಲಿಫ್ಟಿನಲ್ಲಾದ್ರೆ ನಿಲ್ಲಿಸ್ತಿದ್ದೆ ತಾನೇ?”

ನಿಲ್ಲಿಸಿದರು. ಕಿಟಕಿಯ ಗಾಜು ಇಳಿಯಿತು. ಬಾಗಿಲಲ್ಲಿ ನಿಂತ ಆ ಮನೆಯಾಕೆ, ಮೇನೆಯಿಂದ ಹೊರಬಂದ ಅಜ್ಜಿಯ ಮುಖವನ್ನೂ ಅದರ ಮೇಲೆ ತೊಟ್ಟಿಕ್ಕುತ್ತಿದ್ದ ಪೈಜಾಮವನ್ನೂ ನೋಡಿ, ಏನೂ ಕೇಳದೆ ಒಳಗೆ ಹೋಗಿ ಇಸ್ತ್ರಿ ಪೆಟ್ಟಿಗೆ ತಂದುಕೊಟ್ಟಳು. ಅದು ಹಳೇ ಕಬ್ಬಿಣದ ಇಸ್ತ್ರಿ. ಅದರ ಭಾರವೂ ಸೇರಿಕೊಂಡಿತು.

ಎರಡನೇ ಮಹಡಿಯ ತಿರುವು ಎಲ್ಲಕ್ಕಿಂತ ಇಕ್ಕಟ್ಟು. ಕಂಬ ಉದ್ದ, ಜಾಗ ಗಿಡ್ಡ. ಹತ್ತುವಾಗ ಖಾಲಿ ಮೇನೆಯನ್ನು ಓರೆ ಮಾಡಿ ಪಾರಾಗಿದ್ದರು. ಅಜ್ಜಿಯನ್ನು ಓರೆ ಮಾಡುವುದು ಹೇಗೆ? “ಹಿಂದಕ್ಕೆ... ಇನ್ನೂ ಹಿಂದಕ್ಕೆ...” ಎಂದು ಮೇಷ್ಟ್ರು ಕೈಯಾಡಿಸಿದರು. ಕವಾಯತು ಹಿಂದೆ ಹಿಂದೆ ಹೋಗಿ, ತೆರೆದಿದ್ದ ಒಂದು ಬಾಗಿಲಿನ ಒಳಗೇ ಹೋದ. ಅದು ಹಲ್ಲಿನ ಡಾಕ್ಟರ ಚಿಕಿತ್ಸೆಯ ಕೋಣೆ.

ಒಳಗೆ ಒಬ್ಬ ದಢೂತಿ ಮನುಷ್ಯ ಬಾಯಿ ಬಿಗಿದುಕೊಂಡು, ಹಲ್ಲು ಕೀಳಿಸಲಾರೆ ಎಂದು ಹಟ ಹಿಡಿದು ಕೂತಿದ್ದ. ಕಂಬದ ತುದಿ ಅವನ ಕಿವಿಯ ಪಕ್ಕದಿಂದ ನಿಧಾನಕ್ಕೆ ಮುಂದೆ ಬಂತು. ಅವನು ತಿರುಗಿ ನೋಡಿದ. ಹಲ್ಲಿಗೆ ಈ ಗಾತ್ರದ ಆಯುಧ ತರಿಸಿದ್ದಾರೆ ಎಂದುಕೊಂಡನೋ ಏನೋ, ಬಾಯಿ ಅಗಲಕ್ಕೆ ತೆರೆದು ಒಮ್ಮೆ ಚೀರಿದ. ಡಾಕ್ಟರು ಆ ಗಳಿಗೆ ಬಿಡಲಿಲ್ಲ. ಚೀರು ಮುಗಿಯುವಷ್ಟರಲ್ಲಿ ಹಲ್ಲು ಇಕ್ಕಳದಲ್ಲಿತ್ತು.

“ಕ್ಷಮಿಸಿ ಡಾಕ್ಟ್ರೇ,” ಎಂದು ಲಿಫ್ಟಿನವನು ತಿರುವಿನಿಂದಲೇ ಕೂಗಿದ. ಒಂದು ವೋಟು ಕೈಬಿಟ್ಟಿತು ಎಂದೇ ಅವನು ಅಂದುಕೊಂಡಿದ್ದ.

“ಕ್ಷಮೆ ಯಾಕಯ್ಯಾ? ಬೆಳಿಗ್ಗೆಯಿಂದ ಬಾಯಿ ತೆರೆಸೋಕೆ ಒದ್ದಾಡ್ತಿದ್ದೆ,” ಅಂದರು ಡಾಕ್ಟರು ಕೈ ತೊಳೆಯುತ್ತಾ. “ನಡಿ, ನಾನೂ ಮೀಟಿಂಗಿಗೆ ಬಂದೆ.”

ಉಳಿದ ಮೆಟ್ಟಿಲುಗಳನ್ನು ಹೇಗೆ ಇಳಿದನೆಂದು ಲಿಫ್ಟಿನವನಿಗೆ ಆಮೇಲೆ ನೆನಪಾಗಲಿಲ್ಲ. ಹೆಗಲ ಪಟ್ಟಿ ಚರ್ಮ ಕಿತ್ತಿತ್ತು. ಬೆರಳುಗಳು ಕಂಬದ ಆಕಾರಕ್ಕೇ ಮಡಚಿಕೊಂಡಿದ್ದವು. ಹಿಂದೆ ಕವಾಯತು ಹೆಜ್ಜೆ ತಪ್ಪಿಸುವ ಸಂಕಟಕ್ಕೋ ಭಾರಕ್ಕೋ ಅಳುತ್ತಿದ್ದ. ಅಜ್ಜಿ ಮಾತ್ರ ಹಾಡಿನ ಗುನುಗಿನಲ್ಲಿದ್ದರು.

*

ಹಜಾರದಲ್ಲಿ ಮಡಚುವ ಕುರ್ಚಿಗಳ ಮೇಲೆ ಕಟ್ಟಡ ಕೂತಿತ್ತು. ಕಾರ್ಯದರ್ಶಿ ಎದ್ದು ನಿಂತು ಗಂಟಲು ಸರಿಮಾಡಿಕೊಂಡು “ಎಲ್ಲರೂ ಬಂದ ಹಾಗಾಯ್ತು” ಅನ್ನುವಾಗಲೇ ಮೆಟ್ಟಿಲ ಮೇಲಿಂದ ಮೊದಲು ಎರಡು ಕಂಬ, ಆಮೇಲೆ ಲಿಫ್ಟಿನವನು, ಆಮೇಲೆ ಗಾಜಿನ ಹಿಂದೆ ಅಜ್ಜಿ, ಆಮೇಲೆ ಪೈಜಾಮ ಬಂದವು.

“ದಾರಿ ಬಿಡಿ!” ಎಂದು ಮೇಷ್ಟ್ರು ಕೂಗಿದರು. ಅದನ್ನು ಕೂಗಲು ಅವರು ಎಷ್ಟೋ ವರ್ಷದಿಂದ ಕಾದಿದ್ದ ಹಾಗಿತ್ತು.

ಕಾರ್ಯದರ್ಶಿಯ ಬಾಯಿ ಅರ್ಧಕ್ಕೇ ನಿಂತಿತು. “ಪುರಾತನ ವಸ್ತು... ಮುಟ್ಟಬಾರದು ಅಂತ ಬರೆದಿದೆ...”

“ನಾನೂ ಮೇಷ್ಟ್ರೂ ಪುರಾತನ ವಸ್ತುಗಳೇ, ನಮ್ಮ ಮೇಲೆ ಹಾಗೇನೂ ಬರೆದಿಲ್ಲ. ವೋಟು ಹಾಕೋಕೆ ಬಂದಿದ್ದೀನಿ, ಶುರು ಮಾಡಿ,” ಅಂದರು ಅಜ್ಜಿ ಕಿಟಕಿಯಿಂದ. ಇಳಿಯುವ ರಗಳೆ ಯಾರಿಗೂ ಬೇಡವಾಗಿತ್ತು. ಅಜ್ಜಿ ಒಳಗೇ ಕೂತರು.

ಲಿಫ್ಟಿನವನು ಗೋಡೆಗೆ ಒರಗಿ ನಿಂತ. ಹೆಂಡತಿ ಮೆಟ್ಟಿಲ ಕೆಳಗಿನ ಬಾಗಿಲಿನಿಂದ ಇಣುಕಿ ನೋಡಿದಳು. ಬೆಳಿಗ್ಗೆಯಿಂದ ಮೊದಲ ಸಲ ಅವಳ ಮುಖ ಸಡಿಲಾಗಿತ್ತು. ಅವನಿಗೂ ಒಂದು ಬಗೆಯ ಸುಖವೆನಿಸಿತು. ಮೊದಲ ಸಲ ಅವನು ಯಾರನ್ನೋ ತನ್ನ ಲೆಕ್ಕಕ್ಕಾಗಿ ಕೆಳಗೆ ತಂದಿದ್ದ.

“ಲಿಫ್ಟಿನವನ ಕೆಲಸ ಇರಲಿ ಅನ್ನೋರು ಕೈಯೆತ್ತಿ,” ಅಂದರು ಕಾರ್ಯದರ್ಶಿ ಹಲ್ಲು ಕಚ್ಚಿ.

ಡಾಕ್ಟರು ಎತ್ತಿದರು. ಮೇಷ್ಟ್ರು ಎತ್ತಿದರು. ಅಕ್ಕ ಪೈಜಾಮ ಮುಟ್ಟಿ ನೋಡಿ, ಇನ್ನೂ ಹಸಿ ಇದೆ ಎಂದು ಗೊಣಗಿಕೊಂಡು ಎತ್ತಿದಳು. ದರ್ಜಿ ಬೆರಳಿನ ಟೋಪಿ ಸಮೇತ ಎತ್ತಿದ. ನಾಲ್ಕು.

ಎಲ್ಲರೂ ಮೇನೆಯ ಕಡೆ ನೋಡಿದರು. ಕಿಟಕಿಯಿಂದ ಏನೂ ಬರಲಿಲ್ಲ.

“ಅಜ್ಜಿ, ಕೈ,” ಎಂದು ಲಿಫ್ಟಿನವನು ಮೆಲ್ಲಗೆ ಅಂದ. ನಿದ್ದೆ ಬಂದಿರಬಹುದು ಎಂದುಕೊಂಡ.

“ಕೇಳಿಸ್ತು ಮಗಾ. ಮುಂದಿಂದು ಕೇಳಲಿ.”

“ಕೆಲಸ ಬೇಡ ಅನ್ನೋರು?”

ಕಾರ್ಯದರ್ಶಿಯ ಕಡೆಯ ನಾಲ್ಕು ಕೈಗಳು ಎದ್ದವು. ಆಮೇಲೆ ಮೇನೆಯ ಕಿಟಕಿಯಿಂದ, ಟವೆಲ್ಲನ್ನು ಪಕ್ಕಕ್ಕೆ ಸರಿಸಿ, ಬಳೆ ತುಂಬಿದ ಐದನೇ ಕೈಯೊಂದು ನಿಧಾನವಾಗಿ ಹೊರಬಂದು ಮೇಲಕ್ಕೆದ್ದಿತು.

ಕಾರ್ಯದರ್ಶಿಗೇ ನಂಬಿಕೆ ಬರದೆ “ಅಜ್ಜಿ, ಇದು ಬೇಡ ಅನ್ನೋರದ್ದು” ಅಂದರು.

“ಗೊತ್ತು ಕಣೋ. ಕೇಳಿಸ್ಕೊಳ್ಳಿ ಎಲ್ಲರೂ.” ಅಜ್ಜಿಯ ಮುಖ ಕಿಟಕಿಯಲ್ಲಿ ಕಾಣಿಸಿಕೊಂಡಿತು. ಕಣ್ಣುಗಳು ಒದ್ದೆಯಾಗಿದ್ದವು. “ಬೆಳಿಗ್ಗೆವರೆಗೂ ನನ್ನ ವೋಟು ಇವನಿಗೇ ಇತ್ತು. ಪಾಪ, ಬಟನ್ ಒತ್ತೋದು ಬಿಟ್ರೆ ಏನೂ ಬರದ ಬಡಪಾಯಿ, ಇಲ್ಲಿಂದ ಕಳಿಸಿದ್ರೆ ಎಲ್ಲಿ ಹೋಗಿ ಬಿದ್ದಾನು ಅಂತ. ಇವತ್ತು ಐದು ಮಹಡಿ ಇವನ ಬೆನ್ನು ನೋಡ್ಕೊಂಡು ಬಂದೆ ನಾನು. ಎಂಥ ಬೆನ್ನು! ಎಂಥ ಭುಜ! ನನ್ನಂಥವಳನ್ನ, ಇಸ್ತ್ರಿ ಪೆಟ್ಟಿಗೆ ಸಮೇತ, ಒಂದು ತೊಟ್ಟು ನೀರು ಚೆಲ್ಲದ ಹಾಗೆ ಇಳಿಸಿದ. ಇಂಥ ಗಂಡಸನ್ನ ಒಂದು ಬೋನಿನಲ್ಲಿ ಸ್ಟೂಲ್ ಮೇಲೆ ಕೂರಿಸಿ ಇಟ್ಕೊಂಡಿದ್ದೀವಲ್ಲ, ನಮಗೆ ನಾಚಿಕೆ ಆಗಬೇಕು. ಬಿಟ್ಟುಬಿಡಿ ಅವನನ್ನ. ಹೊರಗೆ ಹೋಗಿ ಉದ್ಧಾರ ಆಗಲಿ.”

ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಅವನ ಕಡೆಗೆ ಕೈಯೆತ್ತಿದ್ದ ಅಕ್ಕನೂ ಕಣ್ಣೊರೆಸಿಕೊಂಡು ತಟ್ಟಿದಳು. ಎಲ್ಲರಿಗಿಂತ ಜೋರಾಗಿ ತಟ್ಟಿದ್ದು ಕಾರ್ಯದರ್ಶಿ.

ಮೆಟ್ಟಿಲ ಕೆಳಗಿನ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಕುರ್ಚಿ ಮಡಚುವ ಗಲಾಟೆಯಲ್ಲಿ ಮೇಷ್ಟ್ರು ಲಿಫ್ಟಿನವನ ಪಕ್ಕ ಬಂದು ಹೆಗಲ ಮೇಲೆ ಕೈಯಿಟ್ಟರು. ಸರಿಯಾಗಿ ಚರ್ಮ ಕಿತ್ತ ಜಾಗದಲ್ಲೇ ಇಟ್ಟರು.

“ಒಂದು ವಿಷಯ ಕಣಯ್ಯಾ. ನಾಲ್ಕು-ನಾಲ್ಕು ಸಮ ಬಂದಿದ್ರೆ ಸಂಘದ ನಿಯಮದ ಪ್ರಕಾರ ವಿಷಯ ಅಲ್ಲಿಗೇ ಬಿದ್ದುಹೋಗೋದು. ಮತ್ತೆ ಎತ್ತೋಕೆ ಮುಂದಿನ ವರ್ಷವೇ. ಆ ನಿಯಮ ಬರೆದವನೇ ನಾನು.”

ಲಿಫ್ಟಿನವನು ಅವರ ಮುಖ ನೋಡಿದ.

“ಅಂದ್ರೆ, ಅಜ್ಜಿ ಮೇಲೇ ಇದ್ದಿದ್ರೆ ನೀನು ಗೆದ್ದಿದ್ದೆ,” ಎಂದು ಮೇಷ್ಟ್ರು ವಿವರಿಸಿದರು. ಪಾಠ ಅರ್ಥವಾಗದ ಹುಡುಗನಿಗೆ ಇನ್ನೊಮ್ಮೆ ಹೇಳುವ ಹಾಗೆ, ಬಹಳ ಪ್ರೀತಿಯಿಂದ. “ಬೆಳಿಗ್ಗೆ ನನ್ನ ಕೇಳಿದ್ರೆ ಹೇಳ್ತಿದ್ದೆ. ನೀನು ಬರೀ ಮೇನೆ ಬಗ್ಗೆ ಕೇಳಿದೆ.”

ಜನ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಮಾಯವಾದರು. ಅಕ್ಕ ಬಟ್ಟೆ ಬಾಚಿಕೊಂಡು ಹೋದಳು. ಕವಾಯತು ಕಣ್ಣು ತಪ್ಪಿಸಿ, ಎಡಗಾಲು ಮುಂದಿಟ್ಟು, ಗೇಟಿನ ಕಡೆ ನಡೆದ. ಖಾಲಿಯಾಗುತ್ತಿದ್ದ ಹಜಾರದಲ್ಲಿ ಮೇನೆ ನಿಂತಿತ್ತು, ಒಳಗೆ ಅಜ್ಜಿ, ಅವರ ತೊಡೆಯ ಮೇಲೆ ಇಸ್ತ್ರಿ ಪೆಟ್ಟಿಗೆ.

“ಆಯ್ತು ಮಗಾ,” ಎಂದು ಅಜ್ಜಿ ಕೋಲಿನಿಂದ ಮಾಡಿಗೆ ಕುಟ್ಟಿದರು. “ಹೊತ್ತು ಮುಳುಗ್ತಿದೆ. ಪಟ್ಟಿ ಬಿಗಿ ಮಾಡ್ಕೋ. ಹತ್ತೋವಾಗ ಸ್ವಲ್ಪ ನಿಧಾನ. ನಾಲ್ಕನೇ ಮಹಡೀಲಿ ನಿಲ್ಲಿಸು, ದರ್ಜಿ ಹತ್ರ ನನ್ನ ರವಿಕೆ ಇದೆ.”

ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿದ್ದ ಕಾರ್ಯದರ್ಶಿ ತಿರುಗಿದರು. “ಏನಯ್ಯಾ ಹಾಗೇ ನಿಂತೆ? ತಿಂಗಳ ಕೊನೆವರೆಗೂ ನೀನು ಸಂಘದ ಆಳೇ. ಅಜ್ಜಿನ ಮೇಲೆ ಬಿಡು. ಕೇಳಿಸ್ತಾ?”

ಲಿಫ್ಟಿನವನು ಹೆಗಲಿಂದ ಪಟ್ಟಿ ಬಿಚ್ಚಿದ. ಬೆರಳು ನೆಟ್ಟಗಾಗಲು ಸ್ವಲ್ಪ ಹೊತ್ತು ಹಿಡಿಯಿತು. ಪಟ್ಟಿಯನ್ನು ನೀಟಾಗಿ ಸುತ್ತಿ ಮೇನೆಯ ಮಾಡಿನ ಮೇಲಿಟ್ಟ.

“ಮಗಾ? ಯಾವ ಕಡೆ ಹೊರಟೆ? ಮೆಟ್ಟಿಲು ಈ ಕಡೆ. ಏ ಮಗಾ!”

ಅವನು ಹಜಾರ ದಾಟಿದ, ಗೇಟು ದಾಟಿದ, ಬೀದಿಗಿಳಿದು ಹೋದ.